ಮಂಜುಗಡ್ಡೆ ಹೊತ್ತ ಹುಡುಗ, ವಿಮೆ ಮಾರಿದ ಆಟಗಾರ – ರೆಡ್ ಗ್ರೇಂಜ್

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸಂಚಿಕೆಯಲ್ಲಿ ಸಂಘದ ಏಳುಬೀಳು, ಷೇರು, ಠೇವಣಿ, ಸಾಲ ವಸೂಲಿ ಇವೆಲ್ಲದರ ಬಗ್ಗೆ ಬೇರೆಯವರು ಬರೆದಿದ್ದಾರೆ. ನಾವು ಇಲ್ಲಿ ದೂರದ ಅಮೆರಿಕದ ಒಬ್ಬ ಆಟಗಾರರ ಕಥೆ ಹೇಳಲು ಹೊರಟಿದ್ದೇವೆ. ಇದೇನಪ್ಪಾ, ಎಲ್ಲಿಯ ಸಂಘ, ಎಲ್ಲಿಯ ಫುಟ್‌ಬಾಲು ಅಂತ ಸದಸ್ಯ ಬಾಂಧವರು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಓದಿದರೆ ನಮ್ಮ ಉದ್ದೇಶ ತಿಳಿದೀತು.

ವಿಮೆ ಏಜೆಂಟರು ಎದುರಿಗೆ ಬಂದರೆ ಇನ್ನೊಂದು ಓಣಿ ಹಿಡಿದು ತಪ್ಪಿಸಿಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಮಾತು ಸಾಯೋದರ ಬಗ್ಗೆ, ಕೈಕಾಲು ಮುರಿಯೋದರ ಬಗ್ಗೆ ಬರುತ್ತದೆ, ಅದು ಯಾರಿಗೆ ಬೇಕು? ಆದರೆ ಒಂದು ಕಾಲದಲ್ಲಿ ಎಪ್ಪತ್ತು ಸಾವಿರ ಜನ ಟಿಕೆಟ್ ಕೊಂಡು ನೋಡಲು ಬರುತ್ತಿದ್ದ, ಸಿನಿಮಾದಲ್ಲೂ ಹೀರೋ ಆಗಿದ್ದ ಒಬ್ಬ ಮನುಷ್ಯ ಮುಂದೆ ಇದೇ ವಿಮೆಯ ಕೆಲಸ ಹಿಡಿದರು. ಅವರೇ ಹೆರಾಲ್ಡ್ ಗ್ರೇಂಜ್. ಕೆಂಚು ಕೂದಲಿನವರಾದ್ದರಿಂದ ಊರೆಲ್ಲ ಅವರನ್ನು ರೆಡ್ ಅಂತಲೇ ಕರೆಯಿತು.

ತಾಯಿ ಇಲ್ಲದ ಮನೆ

ಗ್ರೇಂಜ್ ಹುಟ್ಟಿದ್ದು 1903ರ ಜೂನ್ 13ರಂದು, ಪೆನ್ಸಿಲ್ವೇನಿಯಾ ರಾಜ್ಯದ ಫೋರ್ಕ್ಸ್‌ವಿಲ್ ಎಂಬ ಕಾಡುಸೀಮೆಯ ಹಳ್ಳಿಯಲ್ಲಿ. ತಂದೆ ಲೈಲ್ ಗ್ರೇಂಜ್ ಮರ ಕಡಿಯುವವರ ಮೇಸ್ತ್ರಿ. ಹುಡುಗನಿಗೆ ಐದು ವರ್ಷವಾದಾಗ ತಾಯಿ ತೀರಿಕೊಂಡಳು. ತಂದೆ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಶಿಕಾಗೋ ನಗರದ ಪಶ್ಚಿಮಕ್ಕಿರುವ ವೀಟನ್ ಎಂಬ ಸಣ್ಣ ಊರಿಗೆ ಬಂದ. ಅಲ್ಲಿ ಬಂಧುಗಳಿದ್ದರು. ಇಬ್ಬರು ಹೆಣ್ಣುಮಕ್ಕಳನ್ನು ಸ್ವಲ್ಪ ಕಾಲದ ಮೇಲೆ ತಾಯಿಯ ಕಡೆಯವರಲ್ಲಿಗೆ ಕಳಿಸಬೇಕಾಯಿತು. ಉಳಿದವರು ಅಪ್ಪ ಮತ್ತು ಇಬ್ಬರು ಗಂಡುಮಕ್ಕಳು. ಅಪ್ಪನಿಗೆ ಮುಂದೆ ಆ ಊರಿನ ಪೊಲೀಸ್ ಕೆಲಸ ಸಿಕ್ಕಿತು. ಹೆಸರಿಗೆ ಪೊಲೀಸ್ ಮುಖ್ಯಸ್ಥ, ಆದರೆ ಸಣ್ಣ ಊರಾದ್ದರಿಂದ ಹಗಲೂ ರಾತ್ರಿ ದುಡಿತ. ಮನೆಯಲ್ಲಿ ಬೇಯಿಸುವುದು, ತೊಳೆಯುವುದು ಗಂಡುಹುಡುಗರ ಪಾಲಿಗೇ ಬಂತು.

ಆ ಕಾಲದಲ್ಲಿ ಮನೆಮನೆಗೆ ಫ್ರಿಜ್ಜು ಇರಲಿಲ್ಲ. ಮರದ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಇಟ್ಟು ಹಾಲು, ಮಾಂಸ ಕೆಡದಂತೆ ಕಾಪಾಡುತ್ತಿದ್ದರು. ಆ ಗಡ್ಡೆಯನ್ನು ಗಾಡಿಯಲ್ಲಿ ತಂದು, ಇಕ್ಕಳದಲ್ಲಿ ಹಿಡಿದು, ಬೆನ್ನ ಮೇಲೆ ಹೊತ್ತು ಮನೆಯೊಳಗೆ ಇಟ್ಟು ಬರುವುದೇ ಒಂದು ಉದ್ಯೋಗ. ಹೈಸ್ಕೂಲಿನ ಹುಡುಗ ಗ್ರೇಂಜ್ ಬೇಸಿಗೆ ರಜೆಯಲ್ಲಿ ಈ ಕೆಲಸಕ್ಕೆ ಸೇರಿದ. ಬೆಳಗಿನ ಜಾವವೇ ಏಳಬೇಕು, ಮಹಡಿ ಮನೆಗಳಾದರೆ ಮೆಟ್ಟಿಲು ಹತ್ತಬೇಕು. ವಾರಕ್ಕೆ ಮೂವತ್ತೇಳೂವರೆ ಡಾಲರು ಕೂಲಿ. ಕಾಲು, ತೋಳು, ಬೆನ್ನು ಗಟ್ಟಿಯಾದದ್ದು ಯಾವ ಗರಡಿಮನೆಯಲ್ಲೂ ಅಲ್ಲ, ಈ ಗಾಡಿಯ ಹಿಂದೆ.

ಒಂದು ದಿನ ಓಡುತ್ತಿದ್ದ ಲಾರಿಗೆ ಹಾರಿ ಹತ್ತಲು ಹೋಗಿ ಹುಡುಗ ಕೈಜಾರಿ ಬಿದ್ದ. ಮಂಜುಗಡ್ಡೆ ತುಂಬಿದ ಲಾರಿಯ ಚಕ್ರ ಎಡಗಾಲಿನ ಮೇಲೆ ಹರಿಯಿತು. ಕಾಲನ್ನೇ ತೆಗೆಯಬೇಕಾದೀತು ಅಂತ ವೈದ್ಯರು ಹೆದರಿದ್ದರು. ಕಾಲು ಉಳಿಯಿತು. ಒಂದು ಗೇಣು ಆಚೆ ಈಚೆ ಆಗಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಶಾಲೆ ಮುಗಿಸುವ ಹೊತ್ತಿಗೆ ಅವನು ಫುಟ್‌ಬಾಲು, ಬಾಸ್ಕೆಟ್‌ಬಾಲು, ಬೇಸ್‌ಬಾಲು, ಓಟ – ನಾಲ್ಕರಲ್ಲೂ ಹೆಸರು ಮಾಡಿದ್ದ. ಹೆಸರು ಬಂದ ಮೇಲೂ ಐಸ್ ಗಾಡಿ ಬಿಡಲಿಲ್ಲ. ವಿಶ್ವವಿದ್ಯಾಲಯದ ರಜೆಯಲ್ಲೂ ಬಂದು ಗಡ್ಡೆ ಹೊತ್ತ.

ಹನ್ನೆರಡು ನಿಮಿಷ

ಇಲ್ಲಿ ಒಂದು ಮಾತು ಹೇಳಬೇಕು. ಅಮೆರಿಕದವರು ಫುಟ್‌ಬಾಲ್ ಅಂತ ಕರೆಯುವ ಆಟ ನಾವು ಟಿ.ವಿ.ಯಲ್ಲಿ ನೋಡುವ ವಿಶ್ವಕಪ್ ಫುಟ್‌ಬಾಲ್ ಅಲ್ಲ. ಅವರ ಚೆಂಡು ಎರಡು ತುದಿ ಚೂಪಾದ ಉದ್ದುಂಡೆ. ಅದನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಯ ಗಡಿಯತ್ತ ಓಡಬೇಕು. ತಂಡಕ್ಕೆ ಹನ್ನೊಂದು ಜನ. ಕಬಡ್ಡಿಯಲ್ಲಿ ರೈಡಿಗೆ ಹೋದವನನ್ನು ಹಿಡಿದು ಕೆಡವುವ ಹಾಗೆ ಚೆಂಡು ಹಿಡಿದವನನ್ನು ಕೆಡವುತ್ತಾರೆ. ಮೈದಾನ ನೂರು ಗಜ ಉದ್ದ. ನಾಲ್ಕು ಸಲ ಕೆಡವುವುದರೊಳಗೆ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಗೆ. ಗಡಿ ದಾಟಿದರೆ ಆರು ಅಂಕ, ಅದಕ್ಕೆ ಟಚ್‌ಡೌನ್ ಅನ್ನುತ್ತಾರೆ. ಮೈಮೇಲೆ ನಾಲ್ಕಾರು ಜನ ಬೀಳುವ ಆಟವಾದ್ದರಿಂದ ಕಾಲು, ಭುಜ, ಮಂಡಿ ಯಾವಾಗ ಏನಾಗುತ್ತದೋ ಹೇಳುವಂತಿಲ್ಲ.

1922ರಲ್ಲಿ ಗ್ರೇಂಜ್ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಫುಟ್‌ಬಾಲ್ ಆಡುವ ಮನಸ್ಸೇ ಇರಲಿಲ್ಲ. ಓಟ, ಬಾಸ್ಕೆಟ್‌ಬಾಲ್ ಸಾಕು ಅಂದುಕೊಂಡಿದ್ದರು. ಅವರು ವಾಸವಿದ್ದ ವಿದ್ಯಾರ್ಥಿ ಸಂಘದ ಹಿರಿಯರು ಬಿಡಲಿಲ್ಲ. ಮೈದಾನಕ್ಕೆ ಹೋಗಿ ನೋಡಿದರೆ ನೂರಾರು ದಾಂಡಿಗರು! ನಮ್ಮಂಥವರಿಗೆ ಇಲ್ಲೇನು ಕೆಲಸ ಅಂತ ವಾಪಸು ಬಂದರು. ಹಿರಿಯರು ಪೆಟ್ಟಿನ ಹೆದರಿಕೆ ಹಾಕಿ ಮತ್ತೆ ಅಟ್ಟಿದರು. ಉಡುಪು ಹಂಚುವ ಸಾಲಿನಲ್ಲಿ ಸಿಕ್ಕ ಅಂಗಿಯ ಸಂಖ್ಯೆ 77. ಅದಕ್ಕೇನೂ ವಿಶೇಷವಿಲ್ಲ, ಮುಂದಿದ್ದವನಿಗೆ 76, ಹಿಂದಿದ್ದವನಿಗೆ 78. ಆದರೆ ಮುಂದೆ ಆ ಸಂಖ್ಯೆಯನ್ನು ವಿಶ್ವವಿದ್ಯಾಲಯ ಬೇರೆ ಯಾರಿಗೂ ಕೊಡದೆ ಅವರ ಹೆಸರಿನಲ್ಲೇ ಕಾಯ್ದಿರಿಸಿತು.

1924ರ ಅಕ್ಟೋಬರ್ 18. ಇಲಿನಾಯ್ ತನ್ನ ಹೊಸ ಕ್ರೀಡಾಂಗಣವನ್ನು ಸಮರ್ಪಿಸುವ ದಿನ. ಎದುರಾಳಿ ಮಿಶಿಗನ್, ಸತತ ಇಪ್ಪತ್ತು ಪಂದ್ಯಗಳಲ್ಲಿ ಸೋಲು ಕಾಣದ ತಂಡ. ಮೈದಾನದಲ್ಲಿ ಸುಮಾರು 67,000 ಜನ. ಆಟದ ಮೊದಲ ಒದೆತದ ಚೆಂಡನ್ನೇ ಹಿಡಿದ ಗ್ರೇಂಜ್ 95 ಗಜ ಓಡಿ ಗಡಿ ದಾಟಿದರು. ಜನ ಕೂತುಕೊಳ್ಳುವಷ್ಟರಲ್ಲಿ ಇನ್ನೊಂದು, ಮತ್ತೊಂದು, ಮಗದೊಂದು. ಹನ್ನೆರಡು ನಿಮಿಷದಲ್ಲಿ ನಾಲ್ಕು ಟಚ್‌ಡೌನ್! ಆಮೇಲೆ ಸ್ವಲ್ಪ ವಿಶ್ರಾಂತಿ ಪಡೆದು ಬಂದು ಐದನೆಯದನ್ನೂ ಮಾಡಿದರು, ಆರನೆಯದಕ್ಕೆ ಚೆಂಡು ಎಸೆದು ಕೊಟ್ಟರು. 39–14ರಿಂದ ಇಲಿನಾಯ್ ಗೆದ್ದಿತು. ಹಿಡಿಯಲು ಹೋದವರ ಕೈಗೆ ಗಾಳಿ ಮಾತ್ರ ಸಿಗುತ್ತಿದ್ದುದರಿಂದ ಪತ್ರಿಕೆಯವರು ಅವರಿಗೆ ನಾಗಾಲೋಟದ ಭೂತ ಎಂಬ ಅರ್ಥದ ಬಿರುದು ಕಟ್ಟಿದರು. ಮರುವರ್ಷ ಫಿಲಡೆಲ್ಫಿಯಾದ ಕೆಸರು ಮೈದಾನದಲ್ಲಿ ಪೆನ್ಸಿಲ್ವೇನಿಯಾ ತಂಡದ ಮೇಲೆ 363 ಗಜ ಓಡಿದಾಗ ಪೂರ್ವಸೀಮೆಯ ಪತ್ರಿಕೆಗಳೂ ತಲೆಬಾಗಿದವು.

ದುಡ್ಡು ತಗೊಂಡರೆ ತಪ್ಪೇ?

ಆ ಕಾಲದ ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಅಂದರೆ ಗೌರವ. ಹಣಕ್ಕಾಗಿ ಆಡುವ ವೃತ್ತಿಪರ ಫುಟ್‌ಬಾಲ್ ಅಂದರೆ ಮೂಗು ಮುರಿಯುವಂಥದ್ದು. ಕೆಲವೇ ಸಾವಿರ ಜನ ಬರುತ್ತಿದ್ದರು, ತಂಡಗಳು ಹುಟ್ಟುತ್ತಿದ್ದವು, ಮುಳುಗುತ್ತಿದ್ದವು. ಇಂಥ ಹೊತ್ತಿನಲ್ಲಿ ಪೈಲ್ ಎಂಬ ಸಿನಿಮಾ ಥಿಯೇಟರಿನ ಮಾಲೀಕ ಗ್ರೇಂಜರ ಬಳಿ ಬಂದು, ನಿನಗೆ ಒಂದು ಲಕ್ಷ ಡಾಲರ್ ಸಂಪಾದಿಸಿಕೊಡುತ್ತೇನೆ ಅಂದ. 1925ರ ನವೆಂಬರ್ 21ರಂದು ಕೊನೆಯ ಕಾಲೇಜು ಪಂದ್ಯ ಮುಗಿಯಿತು. ಮರುದಿನವೇ ಶಿಕಾಗೋ ಬೇರ್ಸ್ ತಂಡದ ಒಪ್ಪಂದಕ್ಕೆ ಸಹಿ ಬಿತ್ತು. ಪದವಿ ಮುಗಿಸುವ ಮುನ್ನವೇ ಹೋದದ್ದಕ್ಕೆ ದೇಶವೆಲ್ಲ ಗದ್ದಲ. ಅವರನ್ನು ತಿದ್ದಿ ಬೆಳೆಸಿದ ಕೋಚ್ ಬಾಬ್ ಜುಪ್ಕೆ ಅವರೇ ಬೇಡವೆಂದು ವಾದಿಸಿದರು. ಫುಟ್‌ಬಾಲ್ ಕಲಿಸಿ ನೀವು ಸಂಬಳ ತೆಗೆದುಕೊಳ್ಳಬಹುದಾದರೆ ಆಡಿ ನಾನು ತೆಗೆದುಕೊಳ್ಳುವುದರಲ್ಲಿ ಏನು ತಪ್ಪು ಎಂಬುದು ಗ್ರೇಂಜರ ಪ್ರಶ್ನೆ. ಗುರುಶಿಷ್ಯರ ನಡುವೆ ಇದರಿಂದ ಬಹಳ ಕಾಲ ಮುನಿಸು ಉಳಿಯಿತು.

ನಮ್ಮ ಅಭಿಪ್ರಾಯ ಹೇಳುವುದಾದರೆ, ಮೆಟ್ಟಿಲು ಹತ್ತಿ ಐಸು ಹೊತ್ತ ಹುಡುಗನಿಗೆ ದುಡಿಮೆಯ ಬೆಲೆ ಗೊತ್ತಿತ್ತು. ಕಾಲಿನಲ್ಲಿ ವೇಗ ಇರುವುದು ನಾಲ್ಕು ದಿನ ಅನ್ನುವುದೂ ಗೊತ್ತಿತ್ತು. ಮೈದಾನ ತುಂಬಿಸಿ ಬೇರೆಯವರು ಹಣ ಎಣಿಸುವಾಗ ಆಡುವವನು ಮಾತ್ರ ಗೌರವ ತಿಂದು ಬದುಕಬೇಕು ಅನ್ನುವುದು ಯಾವ ನ್ಯಾಯ?

ನವೆಂಬರ್ 26ರಂದು ಶಿಕಾಗೋದಲ್ಲಿ ಮೊದಲ ವೃತ್ತಿಪರ ಪಂದ್ಯ. ಸುಮಾರು 36,000 ಜನ ಬಂದರು, ಅಲ್ಲಿಯ ತನಕ ಆ ಆಟ ಕಾಣದ ಜನ. ಆಮೇಲೆ ಊರೂರು ಸುತ್ತುವ ಪ್ರವಾಸ. ಡಿಸೆಂಬರಿನಲ್ಲಿ ಹನ್ನೆರಡು ದಿನದಲ್ಲಿ ಎಂಟು ಪಂದ್ಯ! ಒಟ್ಟು 67 ದಿನದಲ್ಲಿ ಹತ್ತೊಂಬತ್ತು. ನ್ಯೂಯಾರ್ಕಿನಲ್ಲಿ ಸುಮಾರು ಎಪ್ಪತ್ತು ಸಾವಿರ ಜನ ಸೇರಿ, ಸಾಲದಲ್ಲಿ ಮುಳುಗುತ್ತಿದ್ದ ಜಯಂಟ್ಸ್ ತಂಡ ಆ ಒಂದೇ ಮಧ್ಯಾಹ್ನದ ಹಣದಿಂದ ಉಳಿದುಕೊಂಡಿತು. ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಕೂಲಿಡ್ಜ್ ಅವರ ಭೇಟಿಯೂ ಆಯಿತು. ಶಿಕಾಗೋ ಬೇರ್ಸ್, ಅಂದರೆ ಶಿಕಾಗೋ ಕರಡಿಗಳು ಅಂತ ಪರಿಚಯಿಸಿದಾಗ ಅಧ್ಯಕ್ಷರು ಸರ್ಕಸ್ಸಿನವರಿರಬೇಕು ಅಂತ ತಿಳಿದು, ಪ್ರಾಣಿಗಳ ಆಟ ನನಗೆ ಇಷ್ಟ ಅಂದರಂತೆ. ಇದು ಅಲ್ಲಿ ಇಂದಿಗೂ ಹೇಳಿ ನಗುವ ಕಥೆ.

ಆದರೆ ಮೈ ಎಷ್ಟು ತಡೆದೀತು? ಬಾಸ್ಟನ್ನಿನಲ್ಲಿ ಸೋತು ಸುಣ್ಣವಾದ ಗ್ರೇಂಜರನ್ನು ನೋಡಿ ಜನ ಕೂಗಿ ಗೇಲಿ ಮಾಡಿದರು. ಅಷ್ಟರಲ್ಲಿ ತೋಳಿಗೆ ಪೆಟ್ಟು ಬಿದ್ದು ಊದಿಕೊಂಡಿತು. ಡೆಟ್ರಾಯ್ಟ್ ಊರಿನಲ್ಲಿ ಅವರು ಆಡುವುದಿಲ್ಲ ಎಂದು ಗೊತ್ತಾದ ಕೂಡಲೇ ಜನ ಟಿಕೆಟ್ ವಾಪಸು ಕೊಟ್ಟು ಹಣ ಕೇಳಿದರು. ನಿನ್ನೆ ಹೆಗಲ ಮೇಲೆ ಹೊತ್ತವರು ಇಂದು ಕೌಂಟರಿನಲ್ಲಿ ಸಾಲು ನಿಂತರು. ದೇಹವನ್ನೇ ಬಂಡವಾಳ ಮಾಡಿಕೊಂಡವನ ಪಾಡು ಇಷ್ಟೇ ಎಂಬ ಪಾಠ ಅವರಿಗೆ ಇಪ್ಪತ್ತೆರಡನೇ ವಯಸ್ಸಿಗೇ ಸಿಕ್ಕಿತು.

ಮಂಡಿ ಮುರಿದ ದಿನ

ಹಣವೇನೋ ಬಂತು. ಸಿನಿಮಾ ಬಂತು, ಜಾಹೀರಾತು ಬಂತು, ಅವರ ಹೆಸರಿನ ಗೊಂಬೆಯೂ ಬಂತು. 1926ರಲ್ಲಿ ಬೇರ್ಸ್ ತಂಡದಲ್ಲಿ ಪಾಲು ಕೇಳಿದರು, ಮಾಲೀಕರು ಒಪ್ಪಲಿಲ್ಲ. ಪೈಲ್ ಸೇರಿ ಹೊಸದೊಂದು ಲೀಗನ್ನೇ ಕಟ್ಟಿದರು. ಅದು ಒಂದೇ ವರ್ಷಕ್ಕೆ ಮುಚ್ಚಿತು. ಅವರ ನ್ಯೂಯಾರ್ಕ್ ಯಾಂಕೀಸ್ ತಂಡ ಮಾತ್ರ 1927ರಲ್ಲಿ ಹಳೆಯ ಲೀಗಿಗೆ ಸೇರಿಕೊಂಡಿತು.

ಅದೇ ವರ್ಷ ಅಕ್ಟೋಬರಿನಲ್ಲಿ ಶಿಕಾಗೋದಲ್ಲಿ, ತಮ್ಮ ಹಳೆಯ ಬೇರ್ಸ್ ತಂಡದ ಎದುರೇ ಆಡುವಾಗ, ಬೂಟಿನ ಮೊಳೆ ನೆಲಕ್ಕೆ ಕಚ್ಚಿಕೊಂಡಿತು. ಅದೇ ಕ್ಷಣಕ್ಕೆ ಎದುರಾಳಿಯ ಮೈಭಾರ ಮೇಲೆ ಬಿತ್ತು. ಬಲಮಂಡಿ ತಿರುಚಿಕೊಂಡಿತು. ಸರಿಯಾಗಿ ವಾಸಿಯಾಗುವ ಮೊದಲೇ ಮತ್ತೆ ಮೈದಾನಕ್ಕಿಳಿದರು. ಅವರಿಲ್ಲದೆ ಟಿಕೆಟ್ ಹೋಗುವುದಿಲ್ಲವಲ್ಲ! ಅದರ ಫಲವಾಗಿ 1928ರ ಇಡೀ ಹಂಗಾಮು ಆಡಲಾಗಲಿಲ್ಲ. ಪೈಲ್ ಜೊತೆಗಿನ ಪಾಲುದಾರಿಕೆಯೂ ಮುಗಿಯಿತು. ಗಾಳಿಯಂತೆ ತಪ್ಪಿಸಿಕೊಂಡು ಓಡುತ್ತಿದ್ದ ಆ ತಿರುವು, ಆ ಬಳುಕು ಮತ್ತೆ ಬರಲಿಲ್ಲ. ಆಗ ವಯಸ್ಸು ಇಪ್ಪತ್ತೈದು.

ಇಲ್ಲಿಂದ ಮುಂದಿನ ಕಥೆಯೇ ನಮಗೆ ಹೆಚ್ಚು ಮೆಚ್ಚುಗೆಯಾದದ್ದು. ಇನ್ನು ಮುಗಿಯಿತು ಅಂತ ಮನೆಯಲ್ಲಿ ಕೂರಲಿಲ್ಲ. 1929ರಲ್ಲಿ ಬೇರ್ಸ್ ತಂಡಕ್ಕೆ ಮರಳಿ, ಓಡುವ ಆಟ ಹೋದರೇನಂತೆ, ಹಿಡಿಯುವ ಆಟ ಕಲಿತರು. 1932ರ ಡಿಸೆಂಬರಿನಲ್ಲಿ ಹಿಮ ಬಿದ್ದ ಕಾರಣ ಶಿಕಾಗೋದ ಒಳಾಂಗಣದಲ್ಲಿ, ಎಂಬತ್ತೇ ಗಜದ ಚಿಕ್ಕ ಅಂಕಣದಲ್ಲಿ ಪೋರ್ಟ್ಸ್‌ಮತ್ ತಂಡದೊಡನೆ ನಿರ್ಣಾಯಕ ಪಂದ್ಯ ನಡೆಯಿತು. ಗೆಲುವಿನ ಟಚ್‌ಡೌನಿಗೆ ಚೆಂಡು ಹಿಡಿದವರು ಗ್ರೇಂಜ್. ಮರುವರ್ಷದ ಫೈನಲ್‌ನಲ್ಲಿ ಜಯಂಟ್ಸ್ ಎದುರು 23–21ರ ಮುನ್ನಡೆ. ಕೊನೆಯ ಗಳಿಗೆಯಲ್ಲಿ ಚೆಂಡು ಹಿಡಿದ ಎದುರಾಳಿ ನುಗ್ಗಿ ಬರುತ್ತಿದ್ದಾನೆ, ಪಕ್ಕದಲ್ಲಿ ಅವನ ಜೊತೆಗಾರ ಚೆಂಡು ಪಡೆಯಲು ತಯಾರಾಗಿದ್ದಾನೆ. ಸಾಮಾನ್ಯವಾಗಿ ಕಾಲಿಗೆ ಬಿದ್ದು ಕೆಡವುತ್ತಾರೆ. ಗ್ರೇಂಜ್ ಹಾಗೆ ಮಾಡಲಿಲ್ಲ. ತೋಳು ಸಮೇತ ಎದೆಗೆ ತಬ್ಬಿ ಹಿಡಿದರು. ಚೆಂಡು ದಾಟಿಸಲಾಗಲಿಲ್ಲ, ಆಟ ಮುಗಿಯಿತು, ಪ್ರಶಸ್ತಿ ಬೇರ್ಸ್ ಪಾಲಾಯಿತು. ಕಾಲಿನ ವೇಗ ಹೋದ ಮೇಲೆ ತಲೆ ಕೆಲಸ ಮಾಡಿದ್ದಕ್ಕೆ ಇದೊಂದು ಸಾಕ್ಷಿ.

1935ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಒಂದು ಪ್ರದರ್ಶನ ಪಂದ್ಯದಲ್ಲಿ ಎಲ್ಲರನ್ನೂ ತಪ್ಪಿಸಿ ಬಯಲಿಗೆ ಬಂದರು. ಹಿಂದಿನ ಗ್ರೇಂಜ್ ಆಗಿದ್ದರೆ ಯಾರಿಗೂ ಸಿಗುತ್ತಿರಲಿಲ್ಲ. ಆ ದಿನ ಒಬ್ಬ ದಡೂತಿ ಆಟಗಾರ ಹಿಂದಿನಿಂದ ಓಡಿ ಬಂದು ಹಿಡಿದು ಹಾಕಿದ. ಸಾಕು ಅಂತ ಅವರಿಗೆ ಅಲ್ಲೇ ತಿಳಿಯಿತು. ಆಮೇಲೆ ಸ್ವಲ್ಪ ಕಾಲ ಬೇರ್ಸ್ ತಂಡಕ್ಕೆ ಸಹಾಯಕ ಕೋಚ್ ಆಗಿದ್ದು, ಮೈದಾನ ಬಿಟ್ಟರು.

ಚೀಲ ಹಿಡಿದು ಹೊರಟರು

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಅನ್ನುತ್ತಾರೆ ನಮ್ಮ ಹಿರಿಯರು. ಆಗಿನ ಅಮೆರಿಕದಲ್ಲಂತೂ ಹೊನ್ನು ಇಟ್ಟ ಕುಡಿಕೆಯೇ ಒಡೆದಿತ್ತು. 1929ರಲ್ಲಿ ಷೇರುಪೇಟೆ ಕುಸಿದು, ಮುಂದಿನ ಮೂರು ನಾಲ್ಕು ವರ್ಷದಲ್ಲಿ ಸಾವಿರಾರು ಬ್ಯಾಂಕುಗಳು ಬಾಗಿಲು ಹಾಕಿದ್ದವು. ಠೇವಣಿ ಇಟ್ಟವರು ಬೀದಿಗೆ ಬಂದಿದ್ದರು. ಠೇವಣಿಗೂ ವಿಮೆ ಬೇಕು ಅಂತ ಅಲ್ಲಿನ ಸರ್ಕಾರ ಕಾನೂನು ಮಾಡಿದ್ದು 1933ರಲ್ಲಿ, ಅಷ್ಟೆಲ್ಲ ಮುಳುಗಿದ ಮೇಲೆ.

ಅಂಥ ಕಾಲ ಕಂಡ ಗ್ರೇಂಜ್ ಕೆಲವು ಬೇರೆ ಕೆಲಸ ಮಾಡಿ ನೋಡಿ, 1940ರ ದಶಕದಲ್ಲಿ ಶಿಕಾಗೋದಲ್ಲಿ ವಿಮೆಯ ವ್ಯವಹಾರ ಹಿಡಿದರು. 1941ರಲ್ಲಿ ಮಾರ್ಗರೆಟ್ ಎಂಬುವರೊಡನೆ ಮದುವೆಯಾಗಿತ್ತು. ಆಕೆ ವಿಮಾನದಲ್ಲಿ ಪರಿಚಾರಿಕೆಯಾಗಿದ್ದವರು. ಮಕ್ಕಳಾಗಲಿಲ್ಲ, ಆದರೆ ಕೊನೆಯ ತನಕ ಅನ್ಯೋನ್ಯವಾಗಿದ್ದ ದಂಪತಿ.

ವಿಮೆ ಅಂದರೆ ಏನು? ನೂರು ಜನ ಸ್ವಲ್ಪ ಸ್ವಲ್ಪ ಕಟ್ಟುತ್ತಾರೆ. ಯಾರೋ ಇಬ್ಬರ ಮನೆಗೆ ಕಷ್ಟ ಬರುತ್ತದೆ. ಕೂಡಿಟ್ಟದ್ದರಲ್ಲಿ ಆ ಇಬ್ಬರಿಗೆ ಸಲ್ಲುತ್ತದೆ. ಉಳಿದ ತೊಂಬತ್ತೆಂಟು ಜನ ನಮ್ಮ ದುಡ್ಡು ಹೋಯಿತು ಅಂತ ಕೊರಗಬೇಕಿಲ್ಲ, ಕಷ್ಟ ಬರಲಿಲ್ಲವಲ್ಲ ಅಂತ ಸಮಾಧಾನ ಪಡಬೇಕು. ಹನಿ ಹನಿ ಕೂಡಿದರೆ ಹಳ್ಳ. ನಮ್ಮ ಸಂಘ ನಿಂತಿರುವುದೂ ಇದೇ ನಂಬಿಕೆಯ ಮೇಲೆ. ಇದನ್ನು ಜನರಿಗೆ ಮನವರಿಕೆ ಮಾಡಿಕೊಡುವುದೇ ಏಜೆಂಟರ ಕೆಲಸ. ಅದು ಸುಲಭವಲ್ಲ. ದೊಡ್ಡ ಹೆಸರಿದ್ದರೆ ಬಾಗಿಲು ತೆಗೆಯುತ್ತಾರೆ, ಕಾಫಿ ಕೊಟ್ಟು ಹಳೆಯ ಆಟದ ಸುದ್ದಿ ಕೇಳುತ್ತಾರೆ. ಆದರೆ ವರ್ಷ ವರ್ಷ ಕಂತು ಕಟ್ಟಬೇಕಾದವನು ಸಹಿ ಹಾಕುವುದು ಮನುಷ್ಯನನ್ನು ನಂಬಿ.

ಗ್ರೇಂಜರಿಗೆ ಈ ಕೆಲಸ ಒಪ್ಪಿತು, ಅದರಲ್ಲಿ ಚೆನ್ನಾಗಿಯೇ ನಿಂತರು. ಒಪ್ಪಿದ್ದು ಏಕೆ ಎಂದು ನಾವು ಯೋಚಿಸಿದ್ದುಂಟು. ಮನೆಮನೆಯ ಮೆಟ್ಟಿಲು ಹತ್ತುವುದು ಅವರಿಗೆ ಹೊಸದಲ್ಲ, ಐಸ್ ಹೊತ್ತು ಹತ್ತಿದವರೇ. ಬಡಾಯಿ ಅವರ ಸ್ವಭಾವದಲ್ಲಿರಲಿಲ್ಲ. ತಮ್ಮ ಓಟದ ಬಗ್ಗೆ ಯಾರಾದರೂ ಹೊಗಳಿದರೆ ದಾರಿ ಬಿಡಿಸಿಕೊಟ್ಟ ಜೊತೆ ಆಟಗಾರರ ಹೆಸರು ಹೇಳುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಚೆನ್ನಾಗಿ ನಡೆಯುತ್ತಿದ್ದ ಮನುಷ್ಯ ಒಂದು ಮಧ್ಯಾಹ್ನದಲ್ಲಿ ಕುಂಟನಾಗಬಹುದು ಎಂಬ ಮಾತನ್ನು ಅವರಷ್ಟು ಅಧಿಕಾರದಿಂದ ಹೇಳಬಲ್ಲವರು ಯಾರಿದ್ದರು? ಅವರ ಮಂಡಿಯೇ ಅದಕ್ಕೆ ಪುರಾವೆ.

ಇದರ ಜೊತೆಗೆ ರೇಡಿಯೋದಲ್ಲಿ, ಆಮೇಲೆ ಟೆಲಿವಿಷನ್ನಿನಲ್ಲಿ ಆಟದ ವೀಕ್ಷಕ ವಿವರಣೆ ಕೊಟ್ಟರು. 1950ರಲ್ಲಿ, ಪದವಿ ಮುಗಿಸದೆ ಬಿಟ್ಟು ಬಂದಿದ್ದ ಅದೇ ಇಲಿನಾಯ್ ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೆ ಜನ ಅವರನ್ನು ಚುನಾಯಿಸಿದರು. ಹಿಂದೆ ಬೈದವರೇ ಗೌರವಿಸಿದಂತಾಯಿತು. 1951ರಲ್ಲಿ ಹೃದಯಾಘಾತವಾಯಿತು. ದುಡಿತ ತಗ್ಗಿಸಿ, ಮುಂದೆ ಫ್ಲಾರಿಡಾದ ಬೆಚ್ಚನೆಯ ಸೀಮೆಗೆ ಹೋಗಿ ನೆಲೆಸಿದರು. ಅದೇ ವರ್ಷ ಕಾಲೇಜು ಫುಟ್‌ಬಾಲಿನ ಕೀರ್ತಿಮಂದಿರದಲ್ಲಿ, 1963ರಲ್ಲಿ ವೃತ್ತಿಪರ ಫುಟ್‌ಬಾಲಿನ ಕೀರ್ತಿಮಂದಿರದಲ್ಲಿ, ಎರಡರಲ್ಲೂ ಮೊದಲ ಸಾಲಿನಲ್ಲೇ ಅವರ ಹೆಸರು ಸೇರಿತು. 1978ರ ಸೂಪರ್ ಬೌಲ್ ಪಂದ್ಯಕ್ಕೆ ನಾಣ್ಯ ಚಿಮ್ಮಿಸಲು ಅವರನ್ನೇ ಕರೆದರು. ಅಂದು ಮೈದಾನದಲ್ಲಿದ್ದ ಆಟಗಾರರ ಸಂಬಳಕ್ಕೆ ಅಡಿಗಲ್ಲು ಹಾಕಿದ್ದು ಆ ಮುದುಕರೇ ಎಂಬುದು ಎಷ್ಟು ಜನಕ್ಕೆ ನೆನಪಿತ್ತೋ!

1991ರ ಜನವರಿ 28ರಂದು, ತಮ್ಮ 87ನೇ ವಯಸ್ಸಿನಲ್ಲಿ, ಫ್ಲಾರಿಡಾದ ಲೇಕ್ ವೇಲ್ಸ್ ಊರಿನಲ್ಲಿ ಗ್ರೇಂಜ್ ಕಣ್ಣು ಮುಚ್ಚಿದರು.

ನಮಗೆ ಏನು?

ಮೈದಾನದಲ್ಲಿ ಅವರ ಹಾಗೆ ಓಡುವುದು ನಮ್ಮಿಂದಾಗದು. ಆದರೆ ನಾವೂ ಮೈಯನ್ನೇ ಬಂಡವಾಳ ಮಾಡಿಕೊಂಡವರು. ನೇಗಿಲು ಹಿಡಿಯುವ ಕೈ, ಗೊನೆ ಇಳಿಸುವ ಕಾಲು, ಹುಲ್ಲು ಹೊರುವ ಸೊಂಟ ಇವು ಸರಿಯಿರುವ ತನಕ ನಮ್ಮ ಸಂಸಾರ. ಗಟ್ಟಿಯಾಗಿರುವಾಗ ಯಾರೂ ಬೀಳುವ ದಿನದ ಯೋಚನೆ ಮಾಡುವುದಿಲ್ಲ. ಗ್ರೇಂಜ್ ಬಿದ್ದರು, ಎದ್ದರು, ಆಟ ಬದಲಿಸಿಕೊಂಡರು. ಅದೂ ಮುಗಿದಾಗ ಚೀಲ ಹಿಡಿದು ನಾಚದೆ ಜನರ ಬಾಗಿಲಿಗೆ ಹೋದರು. ನಿನ್ನೆಯ ಜಯಕಾರ ಇಂದಿನ ಊಟಕ್ಕೆ ಆಗುವುದಿಲ್ಲ ಅನ್ನುವುದನ್ನು ಕಹಿ ಮಾಡಿಕೊಳ್ಳದೆ ಒಪ್ಪಿಕೊಂಡರು. ನಮ್ಮ ದೃಷ್ಟಿಯಲ್ಲಿ ಆ ಹನ್ನೆರಡು ನಿಮಿಷಕ್ಕಿಂತ ಇದು ದೊಡ್ಡದು.

ಆದುದರಿಂದ ಸದಸ್ಯ ಬಾಂಧವರಲ್ಲಿ ನಮ್ಮದೊಂದು ವಿನಂತಿ. ಮುಂದಿನ ಸಲ ವಿಮೆಯವರೋ, ಉಳಿತಾಯ ಕಟ್ಟಿ ಅಂತ ನಮ್ಮ ಸಂಘದ ಕಾರ್ಯದರ್ಶಿಗಳೋ ಬಾಗಿಲಿಗೆ ಬಂದರೆ ಇನ್ನೊಂದು ಓಣಿ ಹಿಡಿಯಬೇಡಿ. ಕೂರಿಸಿ, ಒಂದು ಲೋಟ ಮಜ್ಜಿಗೆ ಕೊಟ್ಟು, ಹೇಳುವುದನ್ನು ಕೇಳಿ. ಕಟ್ಟುವುದು ಬಿಡುವುದು ನಿಮಗೆ ಸೇರಿದ್ದು. ಬೆಳ್ಳಿ ಹಬ್ಬ ಕಂಡ ನಮ್ಮ ಸಂಘ ಬಂಗಾರದ ಹಬ್ಬವನ್ನೂ ಕಾಣಲಿ, ಆ ದಿನ ನಮ್ಮ ಯಾರ ಮನೆಯೂ ಕಷ್ಟದಲ್ಲಿ ಒಂಟಿಯಾಗದಿರಲಿ ಎಂದು ಹಾರೈಸಿ ಈ ಬರಹಕ್ಕೆ ಮಂಗಳ ಹಾಡುತ್ತೇವೆ.